ಬ್ಯಾಕ್‌ಲೈಟ್ ಬಿಚ್ಚಿದವರ ಕೆಲಸ

ಮಲ್ಟಿಟಚ್ ಪರದೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಎರಡು ಪ್ರಸಂಗಗಳ ಬಳಿ ನಿಲ್ಲುತ್ತಾರೆ: 2006ರಲ್ಲಿ ಜೆಫ್ ಹ್ಯಾನ್ ಟೆಡ್ ವೇದಿಕೆಯಲ್ಲಿ ತೋರಿಸಿದ ಪ್ರೊಜೆಕ್ಟರ್ ಮೇಜು, 2007ರಲ್ಲಿ ಬಂದ ಐಫೋನ್. ಅದೇ ಕಾಲದಲ್ಲಿ ಹವ್ಯಾಸಿಗಳು ಎಲ್‌ಸಿಡಿ ಮಾನಿಟರ್ ಬಿಚ್ಚಿ ಮನೆಯಲ್ಲೇ ಕಟ್ಟಿದ ಪರದೆಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಆ ಸಾಲಿನಲ್ಲೂ ಅವು ದುಬಾರಿ ಯಂತ್ರಗಳ ಅಗ್ಗದ ನಕಲುಗಳು. ಈಚೆಗಂತೂ ಇಡೀ ಬೆಳವಣಿಗೆಯನ್ನು ಸಾಫ್ಟ್‌ವೇರಿನ ಗೆಲುವೆಂದು ಓದುವುದು ರೂಢಿಯಾಗಿದೆ. ಆದರೆ ಈ ಪರದೆಗಳ ಹಿಂದಿಟ್ಟ ಕ್ಯಾಮೆರಾ ಕೊಟ್ಟ ಚಿತ್ರದಲ್ಲಿ ಬೆರಳಿನ ಚುಕ್ಕೆಗಳನ್ನು ಹುಡುಕುವ ವಿಧಾನ ಮೊದಲೇ ಗೊತ್ತಿತ್ತು. ಚಿತ್ರ ಮೂಡಿಸುವ ಬೆಳಕು ಮತ್ತು ಬೆರಳನ್ನು ಹುಡುಕುವ ಬೆಳಕು, ಎರಡೂ ಒಂದೇ ತೆಳು ಹಾಳೆಗಳ ಮೂಲಕ ಒಂದನ್ನೊಂದು ಕೆಡಿಸದೆ ಹಾಯಬೇಕಿತ್ತು. ಗಟ್ಟಿ ಸಮಸ್ಯೆ ಅದು, ಮತ್ತು ಅದಕ್ಕೆ ಮೈಯೊಡ್ಡಿದವರು ಪರದೆಯ ಹಿಂದಿನ ಬೆಳಕಿನ ವ್ಯವಸ್ಥೆಯಾದ ಬ್ಯಾಕ್‌ಲೈಟ್ ಬಿಚ್ಚಿದವರು.

ಹಿಂದಿನ ಕಥೆ ಚಿಕ್ಕದಾಗಿಯೇ ಸಾಕು. 1982ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ನಿಮಿಷ್ ಮೆಹ್ತಾ ಅವರ ಪ್ರಬಂಧ, 1985ರಲ್ಲಿ ಅಲ್ಲಿಯೇ ಬಿಲ್ ಬಕ್ಸ್‌ಟನ್ ತಂಡದ ಟ್ಯಾಬ್ಲೆಟ್, 1997ರಲ್ಲಿ ಮತ್ಸುಶಿತಾ ಮತ್ತು ರೆಕಿಮೊಟೊ ಅವರ ಹೋಲೋವಾಲ್, 2001ರ ಡೈಮಂಡ್‌ಟಚ್. 2005ರಲ್ಲಿ ಹ್ಯಾನ್ ಪ್ರಕಟಿಸಿದ ಲೇಖನ ಮನೆಯಲ್ಲೇ ಕಟ್ಟುವವರಿಗೆ ದಾರಿ ತೆರೆಯಿತು: ಅಕ್ರಿಲಿಕ್ ಹಲಗೆಯ ಅಂಚಿನಿಂದ ಅವಕೆಂಪು ಬೆಳಕು ತುಂಬಿದರೆ ಅದು ಒಳಗೇ ಪ್ರತಿಫಲಿಸುತ್ತಿರುತ್ತದೆ, ಬೆರಳು ಒತ್ತಿದೆಡೆ ಮಾತ್ರ ಹೊರಚೆಲ್ಲಿ ಹಿಂದಿನ ಕ್ಯಾಮೆರಾಕ್ಕೆ ಕಾಣುತ್ತದೆ. ಚಿತ್ರ ಮಾತ್ರ ಪ್ರೊಜೆಕ್ಟರಿನಿಂದಲೇ ಬರಬೇಕಿತ್ತು. 1024x768ರ ಚಿತ್ರವನ್ನು 40 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 32 ಬಿಂದುಗಳಷ್ಟೇ; ಆಗಿನ 22 ಇಂಚಿನ ಸಾಧಾರಣ ಮಾನಿಟರಿನಲ್ಲಿ ಇಂಚಿಗೆ ಸುಮಾರು 90. ಫೋಟೊ ಎಳೆದು ಹಿಗ್ಗಿಸುವ ಪ್ರದರ್ಶನಕ್ಕೆ 32 ಸಾಲುತ್ತದೆ, ಓದಲು ಸಾಲದು. ಒತ್ತಕ್ಷರಗಳ ಕನ್ನಡಕ್ಕಂತೂ ಸಾಲುವುದೇ ಇಲ್ಲ. ಎಲ್‌ಸಿಡಿಯತ್ತ ತಿರುಗಿದ್ದನ್ನು ಜಿಪುಣತನ ಎನ್ನುವವರು ಈ ಲೆಕ್ಕವನ್ನು ನೋಡಿಲ್ಲ.

ಈ ತಿರುವಿಗೆ ಆಧಾರವಾದದ್ದು ಒಂದು ಭೌತಿಕ ಸಂಗತಿ. ಎಲ್‌ಸಿಡಿ ಫಲಕದ ಎರಡೂ ಬದಿಯ ಪೋಲರೈಸರ್ ಹಾಳೆಗಳು ಕಣ್ಣಿಗೆ ಕಾಣುವ ಬೆಳಕಿಗಾಗಿ ಮಾಡಿದವು. ಸುಮಾರು 800 ನ್ಯಾನೋಮೀಟರ್ ದಾಟಿದ ಮೇಲೆ ಅವು ತಮ್ಮ ಕೆಲಸ ನಿಲ್ಲಿಸುತ್ತವೆ. ಬಣ್ಣದ ಫಿಲ್ಟರುಗಳೂ ಅದರಾಚೆಗಿನ ಅವಕೆಂಪು ಬೆಳಕಿಗೆ ಅಡ್ಡಬರುವುದಿಲ್ಲ. ಹೀಗಾಗಿ ಪರದೆಯಲ್ಲಿ ಕಪ್ಪು ಚಿತ್ರವಿರಲಿ, ಬಿಳಿ ಇರಲಿ, 850 ಅಥವಾ 940 ನ್ಯಾನೋಮೀಟರಿನ ಬೆಳಕು ಹಾದುಹೋಗುತ್ತದೆ. ಕಾಣುವ ಬೆಳಕನ್ನು ತಡೆಯುವ ಫಿಲ್ಟರ್ ಹಾಕಿದ ಕ್ಯಾಮೆರಾಕ್ಕೆ ಪರದೆಯ ಚಿತ್ರ ಕಾಣದು, ಬೆರಳು ಕಾಣುತ್ತದೆ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಫಲಕದ ಹಿಂದಿರುವ ಬ್ಯಾಕ್‌ಲೈಟಿನ ಬಗ್ಗೆ ಬರೆದವರು ವಿರಳ. ನಿಜವಾದ ದುಡಿಮೆ ನಡೆದದ್ದು ಅಲ್ಲಿ.

ಅಂಚಿನಲ್ಲಿ ದೀಪವಿರುವ ಮಾನಿಟರಿನಲ್ಲಿ ಫಲಕದ ಹಿಂದೆ ಚದುರಿಸುವ ಹಾಳೆಗಳು, ಪ್ರಿಸಂ ಹಾಳೆ, ಚುಕ್ಕೆ ಮುದ್ರಿಸಿದ ದಪ್ಪ ಅಕ್ರಿಲಿಕ್, ಕೊನೆಗೆ ಬಿಳಿಯ ಪ್ರತಿಫಲಕ ಇರುತ್ತವೆ. ಕ್ಯಾಮೆರಾಕ್ಕೆ ಮೊದಲ ಗೋಡೆ ಆ ಪ್ರತಿಫಲಕ. ಅದನ್ನು ತೆಗೆದರೆ ದಾರಿಯೇನೋ ತೆರೆಯುತ್ತದೆ, ಆದರೆ ಬೆಳಕು ಹಿಂದಕ್ಕೆ ಸೋರಿ ಚಿತ್ರ ಮಂಕಾಗುತ್ತದೆ. ಒಳಗೆಲ್ಲ ಬಿಳಿ ಬಳಿದ ಪೆಟ್ಟಿಗೆಯೊಳಗೆ ಕ್ಯಾಮೆರಾ ಇಟ್ಟು, ಸೋರಿದ ಬೆಳಕನ್ನು ಮತ್ತೆ ಮೇಲಕ್ಕೆ ಕಳಿಸುವ ಉಪಾಯ ಹೀಗೆ ಬಂತು. ಪ್ರಿಸಂ ಹಾಳೆ ಕ್ಯಾಮೆರಾಕ್ಕೆ ಒಂದು ಬೆರಳನ್ನು ಎರಡಾಗಿ ತೋರಿಸುತ್ತದೆ. ಅದನ್ನು ತೆಗೆಯಲೇಬೇಕು, ಹೊಳಪು ಇನ್ನಷ್ಟು ಇಳಿದರೂ ಸರಿ. ಚದುರಿಸುವ ಹಾಳೆಯದು ಸೂಕ್ಷ್ಮ ವಿಚಾರ. ಅದು ಫಲಕಕ್ಕೆ ಅಂಟಿಕೊಂಡಂತಿದ್ದರೆ ಬೆರಳಿನ ಚುಕ್ಕೆ ಅಷ್ಟಾಗಿ ಕೆಡುವುದಿಲ್ಲ, ಕೆಳಗೆ ಸರಿದಷ್ಟೂ ಚುಕ್ಕೆ ಕರಗುತ್ತದೆ. ದೀಪದ ಆಯ್ಕೆಯೂ ಹಾಗೆಯೇ. ಆಗಿನ ಮಾನಿಟರುಗಳಲ್ಲಿ ದೀಪವಾಗಿದ್ದ ಸಿಸಿಎಫ್ಎಲ್ ಎಂಬ ತೆಳು ಕೊಳವೆಗಳೊಳಗಿನ ಅನಿಲ ಅವಕೆಂಪನ್ನೂ ಸ್ವಲ್ಪ ಸೂಸುತ್ತದೆ, ತಣ್ಣಗಿದ್ದಾಗ ಹೆಚ್ಚು. ಬಿಳಿ ಎಲ್‌ಇಡಿ 850ರ ಆಸುಪಾಸಿನಲ್ಲಿ ಏನನ್ನೂ ಸೂಸುವುದಿಲ್ಲವೆಂದೇ ಹೇಳಬಹುದು. ಕೊಳವೆ ಕಿತ್ತು ಎಲ್‌ಇಡಿ ಪಟ್ಟಿ ಹಾಕಿದ್ದು ವಿದ್ಯುತ್ ಉಳಿಸಲೆಂದು ತಿಳಿಯುವುದು ತಪ್ಪು. ಕ್ಯಾಮೆರಾಕ್ಕೆ ಕತ್ತಲೆ ಒದಗಿಸುವುದು ಅದರ ಉದ್ದೇಶವಾಗಿತ್ತು. ಜೊತೆಗೆ ಕೊಳವೆಗೆ ಬೇಕಾದ ನೂರಾರು ವೋಲ್ಟಿನ ಅಪಾಯವೂ ತಪ್ಪಿತು. ಫಲಕದ ಅಂಚಿನ ಸರ್ಕ್ಯೂಟ್ ಪಟ್ಟಿಗಳನ್ನು ಕ್ಯಾಮೆರಾದ ನೋಟದಿಂದ ಹೊರಕ್ಕೆ ಬಿಡಿಸಿ ಚಾಚುವುದು ಇನ್ನೊಂದು ಕಷ್ಟ. ಅವನ್ನು ಗಾಜಿಗೆ ಜೋಡಿಸಿದ ತೆಳು ಪಟ್ಟಿ ಹರಿದರೆ ಫಲಕ ಮತ್ತೆ ಕೆಲಸಕ್ಕೆ ಬಾರದು.

ಬೆರಳನ್ನು ಬೆಳಗಿಸುವ ಕ್ರಮವೂ ಎಲ್‌ಸಿಡಿಯಿಂದಾಗಿ ಬದಲಾಯಿತು. ಹಿಂದಿನಿಂದ ಬೆಳಗಿಸಿದರೆ ಬೆಳಕು ಫಲಕವನ್ನು ಎರಡು ಬಾರಿ ದಾಟಬೇಕು: ಒಮ್ಮೆಗೆ ನಾಲ್ಕನೇ ಒಂದು ಪಾಲು ದಾಟುವುದಾದರೆ, ಹೋಗಿಬರುವಷ್ಟರಲ್ಲಿ ಉಳಿಯುವುದು ಹದಿನಾರನೇ ಒಂದು. ಆದ್ದರಿಂದ ಫಲಕದ ಮೇಲೆಯೇ ಲೇಸರ್ ಬೆಳಕಿನ ತೆಳು ಪದರ ಹಾಸುವುದು, ಇಲ್ಲವೇ ಮೈಯೆಲ್ಲ ಬೆಳಗುವ ವಿಶೇಷ ಅಕ್ರಿಲಿಕ್ ಹೊದಿಸುವುದು ಮುಂದೆ ಬಂತು. ಈ ಎರಡರಲ್ಲಿ ಅಕ್ರಿಲಿಕ್ಕೇ ಮೇಲು: ಕಣ್ಣಿಗೆ ಲೇಸರಿನ ಅಪಾಯವಿಲ್ಲ, ಪರದೆಯ ಮೇಲಿಟ್ಟ ವಸ್ತುವಿನ ತಳವೂ ಕ್ಯಾಮೆರಾಕ್ಕೆ ಕಾಣುತ್ತದೆ. ಇದೇ ಹೊತ್ತಿನಲ್ಲಿ, 2007ರಲ್ಲಿ, ಕೇಂಬ್ರಿಜ್‌ನ ಮೈಕ್ರೋಸಾಫ್ಟ್ ರಿಸರ್ಚಿನಲ್ಲಿ ಸ್ಟೀವ್ ಹಾಜಸ್, ಶಹ್ರಾಮ್ ಇಝಾದಿ ಮುಂತಾದವರು ಥಿನ್‌ಸೈಟ್ ಪ್ರಕಟಿಸಿದರು. ಕ್ಯಾಮೆರಾದ ಬದಲು ಬ್ಯಾಕ್‌ಲೈಟಿನ ಬೆನ್ನಿಗೇ ಅವಕೆಂಪು ಸಂವೇದಕಗಳ ಸಾಲು ಜೋಡಿಸಿದ ಆ ಪ್ರಯೋಗವೂ ಪ್ರತಿಫಲಕ ಹಾಳೆಯನ್ನು ಏನು ಮಾಡಬೇಕೆಂಬ ಅದೇ ಪ್ರಶ್ನೆಗೆ ಬಂದು ನಿಂತಿತ್ತು.

ಕೆಪ್ಯಾಸಿಟಿವ್ ಪರದೆ ಗೆದ್ದಮೇಲೆ ಇದೆಲ್ಲ ಮುಗಿದ ದಾರಿ ಎಂಬ ಆಕ್ಷೇಪ ಫೋನಿನ ಮಟ್ಟಿಗೆ ನಿಜ. ಪೆಟ್ಟಿಗೆಯ ಆಳ, ಕಿಟಕಿಯ ಬಿಸಿಲು, ಮಂಕಾದ ಚಿತ್ರ ಇವೂ ನಿಜವಾದ ದೋಷಗಳೇ. ಆದರೆ ಕೆಪ್ಯಾಸಿಟಿವ್ ಪದರ ಬೆರಳಿನ ಜಾಗ ಹೇಳುತ್ತದೆ; ಪರದೆಯ ಮೇಲಿಟ್ಟ ವಸ್ತು ಯಾವುದು, ಯಾವ ಆಕಾರದ್ದು ಎಂದು ಕ್ಯಾಮೆರಾದಂತೆ ನೋಡಿ ಹೇಳದು. ಬಾರ್ಸಿಲೋನಾದ ರಿಯಾಕ್ಟೇಬಲ್ ಎಂಬ ಸಂಗೀತದ ಮೇಜು ನಿಂತಿರುವುದೇ ಆ ನೋಟದ ಮೇಲೆ. 2011ರಲ್ಲಿ ಸ್ಯಾಮ್‌ಸಂಗ್ ಮತ್ತು ಮೈಕ್ರೋಸಾಫ್ಟ್ ಘೋಷಿಸಿದ 40 ಇಂಚಿನ ಎಸ್‌ಯುಆರ್40 ಕೂಡ ಎಲ್‌ಸಿಡಿಯ ಮೂಲಕ ಅವಕೆಂಪನ್ನು ಹಾಯಿಸಿ, ಹಿಂದಿರುಗಿದ್ದನ್ನು ಫಲಕದೊಳಗಿನ ಸಂವೇದಕಗಳಿಂದ ಓದಿತು. ಬಿಸಿಲಿನ ತೊಂದರೆ ಅದಕ್ಕೂ ತಪ್ಪಲಿಲ್ಲ. ಅದು ಹವ್ಯಾಸಿಗಳಿಂದ ಕಲಿಯಿತೆಂದು ನಾನು ವಾದಿಸುತ್ತಿಲ್ಲ. ಕೋಟಿಗಳ ಬಂಡವಾಳದ ತಯಾರಿಕೆಯೂ ಮನೆಯ ಪೆಟ್ಟಿಗೆಯೂ ಬಿಡಿಸಲು ಕೂತದ್ದು ಒಂದೇ ಲೆಕ್ಕವನ್ನು ಎಂಬುದಷ್ಟೇ ನನ್ನ ಮಾತು. ಅಗ್ಗದ ನಕಲು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಸಾಫ್ಟ್‌ವೇರಿಗೆ ಹೆಸರುಗಳು ಉಳಿದಿವೆ: ಟಚ್‌ಲಿಬ್, ಕಮ್ಯೂನಿಟಿ ಕೋರ್ ವಿಷನ್, ಟುಯೋ. ಬ್ಯಾಕ್‌ಲೈಟಿನ ಕೆಲಸಕ್ಕೆ ಹೆಸರೂ ಇಲ್ಲ, ಅಳತೆಗಳೂ ಕ್ರಮವಾಗಿ ಉಳಿದಿಲ್ಲ. ಯಾವ ಹಾಳೆ 850ರಲ್ಲಿ ಎಷ್ಟು ಬೆಳಕು ಬಿಡುತ್ತದೆ, 940ರಲ್ಲಿ ಎಷ್ಟು, ಫಲಕದಿಂದ ಎಷ್ಟು ಮಿಲಿಮೀಟರ್ ಸರಿದರೆ ಚುಕ್ಕೆ ಎಷ್ಟು ಹರಡುತ್ತದೆ ಎಂಬುದನ್ನು ಹೊಸಬರು ತಾವೇ ಮತ್ತೆ ಕಂಡುಕೊಳ್ಳಬೇಕಾಗಿದೆ. ಈಗಿನ ತೆಳು ಮಾನಿಟರುಗಳ ಜೋಡಣೆಯೇ ಬೇರೆಯಾದ್ದರಿಂದ ಹಳೆಯ ಪಾಕ ಹಾಗೆಯೇ ಒಗ್ಗುವುದೂ ಇಲ್ಲ. ಅಳೆಯಲು ಬೇಕಾದ ಹಳೆ ಫಲಕಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಪೇಟೆಗಳಲ್ಲಿ ಇನ್ನೂ ಸಿಗುತ್ತವೆ. ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಒಂದು ಅವಕೆಂಪು ಎಲ್‌ಇಡಿ, ಒಂದು ಫೋಟೊಡಯೋಡ್ ಹೊಸತಲ್ಲ. ಸಿಸಿಎಫ್ಎಲ್ ಕೊಳವೆಗಳಲ್ಲಿ ಪಾದರಸ ಇರುವುದರಿಂದ ಅವನ್ನು ಒಡೆಯದಂತೆ ಬೇರ್ಪಡಿಸಿ, ಉಳಿದ ಹಾಳೆಗಳನ್ನು ಒಂದೊಂದಾಗಿ ಅಳೆದು ಪಟ್ಟಿ ಮಾಡಬಹುದು. ಆ ಮಾನಿಟರುಗಳು ಗುಜರಿಗೆ ಹೋಗಿ ಮುಗಿಯುವ ಮೊದಲು ಇದು ಆಗಬೇಕು.