ಅಲೆಯ ಲೆಕ್ಕ ಕಲಿಸಿದ ಗುರು

ನಮ್ಮೂರ ಮಾಳಿಗೆಗಳ ಮೇಲಿನ ರೇಡಿಯೊ ಏರಿಯಲ್ ನಿಮಗೆ ನೆನಪಿರಬಹುದು. ಆಂಟೆನಾದ ಅಳತೆಯನ್ನು ನಿರ್ಣಯಿಸುವುದು ಅಲೆಯ ಉದ್ದ. 30 ಮೆಗಾಹರ್ಟ್ಸ್ ಅಲೆ 10 ಮೀಟರ್ ಉದ್ದ. ಅದರ ಅರ್ಧ-ಅಲೆ ಆಂಟೆನಾಕ್ಕೆ ಸುಮಾರು 5 ಮೀಟರ್ ಬೇಕು. ವೇಗದ ಯುದ್ಧವಿಮಾನದಲ್ಲಿ ಅಷ್ಟಕ್ಕೆ ಎಡೆಯೆಲ್ಲಿ? 10 ಗಿಗಾಹರ್ಟ್ಸ್ ಮೈಕ್ರೊವೇವ್ ಅಲೆಯಾದರೋ ಕೇವಲ 3 ಸೆಂಟಿಮೀಟರ್.

ಈ ವಿದ್ಯೆಯನ್ನು ಕನ್ನಡ ನೆಲದಲ್ಲಿ ಬೆಳೆಸಿದವರಲ್ಲಿ ರಾಜೇಶ್ವರಿ ಚಟರ್ಜಿ (1922–2010) ಪ್ರಮುಖರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿದ ಅವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೊವೇವ್ ಸಂಶೋಧನೆ ಕೈಗೊಂಡು, ವಿಮಾನಗಳ ಆಂಟೆನಾಗಳನ್ನು ಅಭ್ಯಸಿಸಿದರು. ಅದೇ ನಗರದಲ್ಲಿ 1954ರಲ್ಲಿ ಸೇನೆಯ ಎಲೆಕ್ಟ್ರಾನಿಕ್ ಉಪಕರಣಗಳಿಗಾಗಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು.

ಯಂತ್ರವನ್ನು ಹಣ ತೆತ್ತು ತರಿಸಬಹುದು; ಅಲೆಯ ಲೆಕ್ಕ ಬಲ್ಲವರನ್ನು ತರಗತಿಯಲ್ಲಿಯೇ ಬೆಳೆಸಬೇಕು. 1982ರಲ್ಲಿ ನಿವೃತ್ತರಾಗುವವರೆಗೆ ಅವರು ಮಾಡಿದ್ದು ಅದನ್ನೇ.