ಸಮುದ್ರದ ಸೂಕ್ಷ್ಮ ಪಾಚಿ ರೋಗಾಣುಗಳನ್ನು ತಡೆಯುತ್ತಾ? ಇಲ್ಲಿದೆ ಮಾಹಿತಿ

ಕಡಲ ನೀರನ್ನು ಬೊಗಸೆಯಲ್ಲಿ ಹಿಡಿದರೆ ತಿಳಿಯಾಗಿ ಕಾಣುತ್ತೆ. ಆದ್ರೆ ಅದರಲ್ಲಿ ಬರಿಗಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಏಕಕೋಶ ಪಾಚಿಗಳಿರುತ್ತವೆ. ಇವೇ ಸೂಕ್ಷ್ಮ ಪಾಚಿಗಳು. ಇವುಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನೇ ತಡೆಯುತ್ತವೆ.

ಪೆಂಗ್ವಿನ್ ಕರುಳಲ್ಲಿ ಸಿಕ್ಕ ಸುಳಿವು

ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳ ಕರುಳಲ್ಲಿ ಬ್ಯಾಕ್ಟೀರಿಯಾ ತೀರಾ ಕಡಿಮೆ ಇದ್ದದ್ದು ಅಮೆರಿಕದ ವಿಜ್ಞಾನಿ ಜಾನ್ ಸೀಬರ್ತ್ ಗಮನಕ್ಕೆ ಬಂತು. ಪೆಂಗ್ವಿನ್ ತಿನ್ನೋದು ಸೀಗಡಿಯಂಥ ಕ್ರಿಲ್. ಕ್ರಿಲ್ ತಿನ್ನೋದು ಫಿಯೋಸಿಸ್ಟಿಸ್ ಎಂಬ ಸೂಕ್ಷ್ಮ ಪಾಚಿ. ಆ ಪಾಚಿಯ ಅಕ್ರಿಲಿಕ್ ಆಮ್ಲವೇ ಬ್ಯಾಕ್ಟೀರಿಯಾ ತಡೆಯುವ ಅಂಶ ಅಂತ ಅವರು 1960ರಲ್ಲಿ ವರದಿ ಮಾಡಿದರು.

ಔಷಧಕ್ಕೆ ಬಗ್ಗದ ರೋಗಾಣುವಿಗೂ ಪೆಟ್ಟು

2009ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಸಂಶೋಧಕರು ಫಿಯೋಡ್ಯಾಕ್ಟಿಲಮ್ ಎಂಬ ಡಯಾಟಮ್ ಪಾಚಿಯಿಂದ ಇಪಿಎ ಕೊಬ್ಬಿನಾಮ್ಲವನ್ನು ಬೇರ್ಪಡಿಸಿದರು. ಹಲವು ಆಂಟಿಬಯೋಟಿಕ್‌ಗಳಿಗೆ ಜಗ್ಗದ ಎಂಆರ್‌ಎಸ್‌ಎ ರೋಗಾಣುವಿನ ಮೇಲೂ ಅದು ಪ್ರಯೋಗಾಲಯದಲ್ಲಿ ಕೆಲಸ ಮಾಡಿತು. ಬೂತಾಯಿ ಮೀನಿನ ಎಣ್ಣೆಯಲ್ಲಿರುವ ಒಮೆಗಾ-3 ಕೂಡ ಇದೇ ಇಪಿಎ. ಮೀನಿಗೆ ಅದು ಮೂಲತಃ ಸಿಗೋದು ಪಾಚಿಯಿಂದಲೇ. ಇಂಥ ಕೊಬ್ಬಿನಾಮ್ಲಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸುತ್ತವೆ. ಎರಡು ಪೊರೆ ಇರುವ ಬ್ಯಾಕ್ಟೀರಿಯಾಗಳ ಮೇಲೆ ಪರಿಣಾಮ ಸಾಮಾನ್ಯವಾಗಿ ಕಡಿಮೆ.

ಸೀಗಡಿ ಕೃಷಿಕರಿಗೆ ಏನು ಲಾಭ?

ಕುಮಟಾದ ಅಘನಾಶಿನಿ ಗಜನಿಗಳಲ್ಲಿ ಸೀಗಡಿ ಸಾಕುವವರಿಗೆ ಈ ವಿಷಯ ಹತ್ತಿರದ್ದು. ಸೀಗಡಿಯನ್ನು ಕಾಡುವ ವಿಬ್ರಿಯೋ ಬ್ಯಾಕ್ಟೀರಿಯಾಗಳನ್ನು ಟೆಟ್ರಾಸೆಲ್ಮಿಸ್, ಸ್ಕೆಲಿಟೋನೀಮಾ ಪಾಚಿಗಳು ತಡೆಯುತ್ತವೆ ಅಂತ ಪ್ರಯೋಗಗಳು ತೋರಿಸಿವೆ. ಕೆರೆಯಲ್ಲಿ ಒಳ್ಳೆಯ ಪಾಚಿ ಬೆಳೆಸಿ ಮರಿ ಬಿಡುವ 'ಹಸಿರು ನೀರು' ಪದ್ಧತಿ ಹಲವು ದೇಶಗಳಲ್ಲಿದೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ನಂಥ ಆಂಟಿಬಯೋಟಿಕ್‌ಗಳು ಸೀಗಡಿ ಕೃಷಿಯಲ್ಲಿ ನಿಷೇಧವಾಗಿರೋದ್ರಿಂದ, ರೋಗ ಬರದಂತೆ ನೋಡಿಕೊಳ್ಳುವ ಇಂಥ ದಾರಿಗಳಿಗೆ ಬೆಲೆ ಹೆಚ್ಚು.

ಹಾಗಂತ ಇದು ಮದ್ದಲ್ಲ

ಗಾಜಿನ ತಟ್ಟೆಯಲ್ಲಿ ರೋಗಾಣು ಸತ್ತ ಮಾತ್ರಕ್ಕೆ ಮನುಷ್ಯರ ಮೈಯಲ್ಲೂ ಸಾಯುತ್ತೆ ಅಂತಲ್ಲ. ಪಾಚಿಯಿಂದ ಸಿಗುವ ಅಂಶದ ಪ್ರಮಾಣ ಕಡಿಮೆ. ನಮ್ಮ ಜೀವಕೋಶಗಳಿಗೆ ಅದರಿಂದ ಹಾನಿ ಇದೆಯೇ ಅನ್ನೋದನ್ನೂ ಪರೀಕ್ಷಿಸಬೇಕು. ಎಲ್ಲ ಪಾಚಿಯೂ ಒಳ್ಳೆಯದಲ್ಲ. ಕೆಲವು ಜಾತಿಗಳು ಹೆಚ್ಚಾದಾಗ ಅವುಗಳ ವಿಷ ಮಳಿ, ಕಲ್ವದಂಥ ಚಿಪ್ಪುಮೀನುಗಳಲ್ಲಿ ಸೇರಿ, ತಿಂದವರ ಜೀವಕ್ಕೇ ಅಪಾಯ ತರಬಹುದು.

ಹಾಗಾಗಿ ಅಂಗಡಿಯಲ್ಲಿ ಸಿಗುವ ಪಾಚಿ ಪುಡಿ, ಮಾತ್ರೆಗಳನ್ನು ನಂಬಿ ವೈದ್ಯರು ಬರೆದುಕೊಟ್ಟ ಆಂಟಿಬಯೋಟಿಕ್ ನಿಲ್ಲಿಸಬಾರದು. ಸೋಂಕಿಗೆ ಪಾಚಿ ಪುಡಿ ಬದಲಿ ಚಿಕಿತ್ಸೆ ಅಲ್ಲ.