ಸಂಬಳ ಬರಲಿಲ್ಲ, ವಿಮಾನ ಮಾತ್ರ ಹಾರ್ತಾನೇ ಇತ್ತು: ಕಿಂಗ್‌ಫಿಶರ್ ಪೈಲಟ್‌ಗಳ 13 ವರ್ಷದ ಬಾಕಿ



2008ರ ಮೇ ತಿಂಗಳಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ್ಮೇಲೆ ನಮ್ಮ ಕಡೆ ವಿಮಾನ ಅಂದ್ರೆ ಪಕ್ಕದ ಮನೆ ವಿಷಯ ಆಯ್ತು. ಮಕ್ಕಳಿಗೂ ಪೈಲಟ್ ಆಗೋ ಆಸೆ. ಪೈಲಟ್ ಅಂದ್ರೆ ಲಕ್ಷಗಟ್ಟಲೆ ಸಂಬಳ ಅನ್ನೋದು ನಮ್ಮ ತಲೆಯಲ್ಲಿ ಕೂತಿದೆ. ಸುಳ್ಳಲ್ಲ. ಆದ್ರೆ ಆ ಸಂಬಳ ಕೈಗೆ ಬರಬೇಕಲ್ವಾ?

ಕಿಂಗ್‌ಫಿಶರ್ ಏರ್‌ಲೈನ್ಸ್ 2005ರಲ್ಲಿ ಹಾರೋಕೆ ಶುರು ಮಾಡ್ತು. ನಮ್ಮ ಬೆಂಗಳೂರಿನದೇ ಕಂಪನಿ, ವಿಜಯ್ ಮಲ್ಯ ಮಾಲೀಕರು. ಅದಕ್ಕಿಂತ ಎರಡು ವರ್ಷ ಮೊದಲು, 2003ರಲ್ಲಿ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ ಕಡಿಮೆ ಟಿಕೆಟ್‌ನಲ್ಲಿ ಸಾಮಾನ್ಯ ಜನರನ್ನ ವಿಮಾನ ಹತ್ತಿಸಿದ್ರು. ಆಮೇಲೆ ಕಿಂಗ್‌ಫಿಶರ್ ಏರ್ ಡೆಕ್ಕನ್ನನ್ನ ಕೊಂಡ್ಕೊಂಡು, 2008ರಲ್ಲಿ ಎರಡೂ ಒಂದಾದವು. ಅದೇ ವರ್ಷ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ಮುಟ್ತು. ಅದೇ ವರ್ಷ ಬೆಂಗಳೂರಿಂದ ಲಂಡನ್‌ಗೂ ವಿಮಾನ ಬಿಟ್ರು! ನಾನು ಬಿಕಾಂ ಓದಿದವನು. ಒಂದು ವರ್ಷವೂ ಲಾಭ ಕಾಣದ ಕಂಪನಿ ಹೀಗೆ ಕಾಲು ಚಾಚಿದ್ದು ಇವತ್ತಿಗೂ ನನಗೆ ಅರ್ಥ ಆಗಲ್ಲ.

2012ಕ್ಕೆ ಬರೋಣ. ಮಾರ್ಚ್‌ನಿಂದ ಸಂಬಳ ನಿಂತುಹೋಯ್ತು. ಸಿಟ್ಟು ಬಂದಾಗ ಪೈಲಟ್‌ಗಳು ಒಂದೆರಡು ದಿನ ರಜೆ ಹಾಕೋದು, ಮ್ಯಾನೇಜ್‌ಮೆಂಟ್ 'ಕೊಡ್ತೀವಿ' ಅನ್ನೋದು, ಮತ್ತೆ ಹಾರೋದು. ಹೀಗೇ ನಡೀತು. ಶಿಡ್ಲಘಟ್ಟದಲ್ಲಿ ಗೂಡು ತೂಕ ಆದ್ಮೇಲೆ ದುಡ್ಡು ಒಂದು ವಾರ ಲೇಟಾದ್ರೆ ರೈತರು ಸುಮ್ನೆ ಇರ್ತಾರಾ? ಇವರು ಏಳು ತಿಂಗಳು ಕಾದ್ರು.

ಬೇರೆ ಕೆಲಸಕ್ಕೆ ಹೋಗ್ಬಹುದಿತ್ತಲ್ಲ ಅಂತೀರಾ? ಹೋದವರೂ ಇದ್ರು. ಆದ್ರೆ ಪೈಲಟ್ ಲೈಸೆನ್ಸ್ ಡ್ರೈವಿಂಗ್ ಲೈಸೆನ್ಸ್ ತರ ಅಲ್ಲ. ಎಟಿಆರ್ ಓಡಿಸೋನು ಏರ್‌ಬಸ್ ಓಡಿಸಬೇಕಂದ್ರೆ ಬೇರೆ ಟ್ರೇನಿಂಗ್, ಅದಕ್ಕೆ ಮತ್ತೆ ಲಕ್ಷಗಳು. 90 ದಿನದಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಆಗ್ದಿದ್ರೆ ಮತ್ತೆ ಚೆಕ್ ಕೊಟ್ಟೇ ಸೀಟಲ್ಲಿ ಕೂರಬೇಕು. ನೋಟಿಸ್ ಪೀರಿಯಡ್ ಬೇರೆ ತಿಂಗಳುಗಟ್ಟಲೆ. 2017ರಲ್ಲಿ ಡಿಜಿಸಿಎ ಅದನ್ನ ಕ್ಯಾಪ್ಟನ್‌ಗಳಿಗೆ ಒಂದು ವರ್ಷ ಮಾಡ್ತು. ಇದೆಲ್ಲದರ ಹಿಂದೆ ಟ್ರೇನಿಂಗ್‌ಗೆ ಮಾಡಿದ ಸಾಲ. ಚಿಂತಾಮಣಿಯಲ್ಲಿ ಜಮೀನು ಅಡ ಇಟ್ಟು ಮಗನನ್ನ ಪೈಲಟ್ ಮಾಡಿದ ಅಪ್ಪನನ್ನ ಸುಮ್ನೆ ಊಹಿಸಿಕೊಳ್ಳಿ. ಇಎಂಐ ಏನು ಏಳು ತಿಂಗಳು ಕಾಯುತ್ತಾ?

ಸೆಪ್ಟೆಂಬರ್ ಕೊನೆಗೆ ಎಂಜಿನಿಯರ್‌ಗಳು ವಿಮಾನಗಳಿಗೆ ಸಹಿ ಹಾಕೋದು ನಿಲ್ಲಿಸಿದ್ರು. ಅವರ ಸಹಿ ಇಲ್ಲದೆ ವಿಮಾನ ಏಳೋ ಹಾಗಿಲ್ಲ. ಅಕ್ಟೋಬರ್ 1ಕ್ಕೆ ಕಂಪನಿ ಲಾಕ್‌ಔಟ್ ಘೋಷಿಸ್ತು, 20ಕ್ಕೆ ಡಿಜಿಸಿಎ ಲೈಸೆನ್ಸ್ ಅಮಾನತು ಮಾಡ್ತು. ಕಿಂಗ್‌ಫಿಶರ್ ಮತ್ತೆ ಹಾರಲೇ ಇಲ್ಲ.

ನನಗೆ ಜಾಸ್ತಿ ಸಿಟ್ಟು ಬರೋದು ಟಿಡಿಎಸ್ ವಿಷಯಕ್ಕೆ. ಸಂಬಳ ಕೊಡ್ತಿದ್ದ ವರ್ಷಗಳಲ್ಲಿ ಕಂಪನಿ ತೆರಿಗೆ ಹಿಡ್ಕೊಳ್ತು, ಸರ್ಕಾರಕ್ಕೆ ಕಟ್ಟಲಿಲ್ಲ. ಅಂದ್ರೆ ನಿಮ್ಮ ದುಡ್ಡು ನಿಮ್ಮ ಕೈಗೂ ಬಂದಿಲ್ಲ, ಇಲಾಖೆಗೂ ಹೋಗಿಲ್ಲ. ಸಂಬಳ ತಡ ಆದ್ರೆ 'ಕಂಪನಿಗೆ ಕಷ್ಟ ಇತ್ತು' ಅಂತ ಒಂದು ನೆಪವಾದ್ರೂ ಇದೆ. ಇದಕ್ಕೆ ಯಾವ ನೆಪ?

ಅಮೆರಿಕದಲ್ಲಿ 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ರು. ಆ ಕೋ-ಪೈಲಟ್ ಸಂಬಳ ವರ್ಷಕ್ಕೆ ಸುಮಾರು 16,000 ಡಾಲರ್. ಹಿಂದಿನ ರಾತ್ರಿ ಸಿಯಾಟಲ್‌ನಿಂದ ವಿಮಾನದಲ್ಲೇ ಪ್ರಯಾಣ ಮಾಡ್ಕೊಂಡು ಡ್ಯೂಟಿಗೆ ಬಂದಿದ್ರು. ಆಮೇಲೆ ಅಲ್ಲಿ ವಿಶ್ರಾಂತಿ ನಿಯಮಗಳೇ ಬದಲಾದವು. ಅಂದ್ರೆ ಪೈಲಟ್ ಸಂಬಳ, ಪೈಲಟ್ ನಿದ್ದೆ, ಹಿಂದಿನ ಸೀಟಲ್ಲಿ ಕೂತಿರೋ ನಮ್ಮ ವಿಷಯವೂ ಹೌದು.

ನಮ್ಮಲ್ಲಿ ಇದು 2024ರ ಜನವರಿಯಲ್ಲಿ ಬಂತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಬೇಕು, ರಾತ್ರಿ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳೀಬೇಕು. ಪೂರ್ತಿ ಜಾರಿ ಆಗಿದ್ದು 2025ರ ನವೆಂಬರ್ 1ಕ್ಕೆ. ಡಿಸೆಂಬರ್ ಮೊದಲ ವಾರ ಇಂಡಿಗೋ ಸಾವಿರಾರು ವಿಮಾನ ರದ್ದು ಮಾಡ್ತು, ದೇವನಹಳ್ಳಿಯಲ್ಲಿ ಜನ ಸೂಟ್‌ಕೇಸ್ ಮೇಲೆ ತಲೆ ಇಟ್ಟು ಮಲಗಿದ್ರು. ಎರಡು ವರ್ಷ ಟೈಮ್ ಇದ್ರೂ ಸಾಕಷ್ಟು ಪೈಲಟ್‌ಗಳನ್ನ ಸಿದ್ಧ ಮಾಡ್ಕೊಂಡಿರಲಿಲ್ಲ. ಕೊನೆಗೆ ಬಗ್ಗಿದ್ದು ನಿಯಮ: ಡಿಜಿಸಿಎ ತಾತ್ಕಾಲಿಕ ವಿನಾಯಿತಿ ಕೊಡ್ತು.

ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು, ಗಲಾಟೆಯಲ್ಲಿ ಯಾರೂ ಗಮನಿಸಲಿಲ್ಲ. ಕಿಂಗ್‌ಫಿಶರ್‌ನ ಹಳೇ ನೌಕರರ ಬಾಕಿಗೆ ಅಂತ ಸುಮಾರು 312 ಕೋಟಿ ರೂಪಾಯಿ ಬಿಡುಗಡೆಗೆ ಆದೇಶ ಆಯ್ತು. ಮಲ್ಯ ದೇಶ ಬಿಟ್ಟಿದ್ದು 2016ರ ಮಾರ್ಚ್‌ನಲ್ಲಿ. ಸಂಬಳ ನಿಂತಿದ್ದು 2012ರಲ್ಲಿ. ಆಗ ಒಂದನೇ ಕ್ಲಾಸಲ್ಲಿದ್ದ ಆ ಪೈಲಟ್‌ಗಳ ಮಕ್ಕಳು ಈಗ ಡಿಗ್ರಿ ಓದ್ತಾ ಇರ್ತಾರೆ.

ಮುಂದಿನ ಎಪಿಸೋಡ್‌ನಲ್ಲಿ 1948ರ ಜಕ್ಕೂರು ಫ್ಲೈಯಿಂಗ್ ಸ್ಕೂಲ್ ಕಥೆ. ಸಿಗೋಣ.